ಎಲ್ಲರ ಫೋಟೊದಲ್ಲಿದ್ದ ಮಷೀನು

ಬಟ್ಟೆಯ ಅಂಚನ್ನು ಹಲ್ಲಿನಿಂದ ಕಚ್ಚಿ, ಸಣ್ಣ ಸೀಳು ಮಾಡಿಕೊಂಡು, ಎರಡೂ ಕೈಯಲ್ಲಿ ಹಿಡಿದು ಜಗ್ಗಿದರೆ ಅದು ನೆಟ್ಟಗೆ ಹರಿಯುತ್ತದೆ. ಕತ್ತರಿಗಿಂತ ಬೇಗ. ಆದರೆ ಹರಿದಾಗಲೆಲ್ಲ ಧೂಳು ಏಳುತ್ತದೆ. ಸಿದ್ಧ ಉಡುಪಿನ ಕಾರ್ಖಾನೆಯವರು ಕತ್ತರಿಸಿ ಬಿಸಾಡಿದ ಚೂರುಗಳ ಧೂಳು. ಅದು ಮೂಗಿಗೆ ಹೋಗುತ್ತದೆ, ಗಂಟಲಿಗೆ ಹೋಗುತ್ತದೆ. ಉಗಿದರೆ ಒಂದು ದಿನ ನೀಲಿ, ಒಂದು ದಿನ ಕೆಂಪು. ಯಾವ ಮೂಟೆ ಬಿಚ್ಚಿದ್ದೇವೋ ಆ ಬಣ್ಣ.

ಆ ಬೆಳಿಗ್ಗೆ ಹಸಿರು ಮೂಟೆ ಬಿಚ್ಚಿದ್ದೆವು. ನಾನು ಹರಿಯುತ್ತಿದ್ದೆ. ಮಗ ಮಂಚದ ಮೇಲೆ ಮಲಗಿಕೊಂಡೇ ಹರಿದ ಪಟ್ಟಿಗಳನ್ನು ಮೂರು ಮೂರು ಸೇರಿಸಿ ಜಡೆ ಹೆಣೆಯುತ್ತಿದ್ದ. ಸೊಸೆ ಆ ಜಡೆಯನ್ನು ಸುರುಳಿ ಸುತ್ತುತ್ತ ಮಷೀನಿನ ಸೂಜಿಯ ಕೆಳಗೆ ತಿರುಗಿಸುತ್ತಿದ್ದಳು. ಸುರುಳಿ ದೊಡ್ಡದಾಗುತ್ತ ಹೋಗಿ ಕಾಲೊರಸು ಆಗುತ್ತದೆ. ಜನ ಅದನ್ನು ಬಾಗಿಲಲ್ಲಿ ಹಾಕಿ, ಕಾಲು ಒರೆಸಿಕೊಂಡು ಒಳಗೆ ಹೋಗುತ್ತಾರೆ. ಅದಕ್ಕೆ ನಮಗೆ ಬೇಸರವೇನೂ ಇರಲಿಲ್ಲ. ಕಾಲು ಎಲ್ಲರಿಗೂ ಇದೆ, ಕೆಸರು ಎಲ್ಲ ಕಡೆಯೂ ಇದೆ, ವ್ಯಾಪಾರ ನಿಲ್ಲುವುದಿಲ್ಲ ಎಂದೇ ಈ ಕೆಲಸ ಹಿಡಿದೆವು.

ಮಗ ಪೇಂಟರ್. ಎತ್ತರದ ಗೋಡೆಗೆ ಬಣ್ಣ ಹೊಡೆಯುವಾಗ ನಿಂತ ಹಲಗೆ ಜಾರಿ ಬಿದ್ದ. ಸೊಂಟದಿಂದ ಕೆಳಗೆ ಅವನಿಗೆ ಏನೂ ತಿಳಿಯುವುದಿಲ್ಲ. ಕಂಟ್ರಾಕ್ಟರು ಆಸ್ಪತ್ರೆಗೆ ಒಮ್ಮೆ ಬಂದ, ಹಣ್ಣು ಕೊಟ್ಟ, ಹೋದ. ಆಮೇಲೆ ಫೋನು ಎತ್ತಲಿಲ್ಲ. ಅಂದಿನಿಂದ ಮನೆ ನಡೆಯುವುದು ಸೊಸೆಯ ಮಷೀನಿನಿಂದ. ಗುಂಪು ಸಾಲ ತೆಗೆದು ಅದನ್ನು ಕೊಂಡಳು. ಹಳೆಯ ಮಷೀನು. ಒಂದು ಕಾಲು ಮುರಿದಿತ್ತು. ಅದರ ಕೆಳಗೆ ಒಂದು ಇಟ್ಟಿಗೆ ಇಟ್ಟೆವು. ಇಟ್ಟಿಗೆ ಇಲ್ಲದಿದ್ದರೆ ತುಳಿದ ಕೂಡಲೇ ಹುಚ್ಚು ಹಿಡಿದ ಹಾಗೆ ಕುಣಿಯುತ್ತಿತ್ತು.

"ಇವತ್ತು ಕಂತಿನಪ್ಪ ಬರೋ ದಿನ," ಎಂದ ಮಗ. "ಒಂದು ಹಸಿರು ಜಡೆ ಹೆಣೆದು ಕೊಡ್ತೀನಿ. ಅವನ ಕುತ್ತಿಗೆಗೆ ಹಾಕಿ."

"ಹಾಕಿ ಸನ್ಮಾನ ಮಾಡಬೇಕಾ, ಬಿಗೀಬೇಕಾ?" ಎಂದೆ.

"ಅವನು ಹೇಗೆ ಮಾತಾಡ್ತಾನೋ ನೋಡ್ಕೊಂಡು."

ಸೊಸೆ ನಗಲಿಲ್ಲ. ಸೂಜಿಯಿಂದ ಕಣ್ಣು ತೆಗೆಯಲೂ ಇಲ್ಲ. ಅವಳ ಕಂತು ಬಾಕಿ ಬಿದ್ದಿತ್ತು. ಕಾಲೊರಸುಗಳನ್ನು ಎತ್ತಿಕೊಂಡು ಹೋದ ಅಂಗಡಿಯವನು ದುಡ್ಡು ಕೇಳಿದರೆ ಇವತ್ತು, ನಾಳೆ ಎನ್ನುತ್ತಿದ್ದ. ಕೊನೆಗೆ ಬಣ್ಣ ಬಿಡುತ್ತದೆ ಎಂದು ಅರ್ಧ ಮಾಲು ವಾಪಸು ಎಸೆದ. ಅವನೇ ಕೊಟ್ಟ ಬಟ್ಟೆಯ ಬಣ್ಣ.

"ಅತ್ತೆ, ನೀವು ಬರಬೇಡಿ," ಎಂದಳು ಏಳುತ್ತ. "ನಾನು ನಿಂತಿರೋದನ್ನ ನೀವು ನೋಡಬೇಡಿ."

ನಾನು ಚಪ್ಪಲಿ ಹಾಕಿಕೊಂಡೆ.

ಸಭೆ ನಡೆಯುವುದು ಪೊರಕೆಯಕ್ಕನ ಮನೆಯಲ್ಲಿ. ಪೊರಕೆ ಕಟ್ಟಿ ಮಾರುವವಳು. ಗುಂಪಿಗೆ ಅವಳೇ ಲೀಡರು. ನಮ್ಮ ಓಣಿಯಲ್ಲಿ ಹೆಂಗಸರು ನೆಲದ ಮೇಲೆ ಸಾಲಾಗಿ ಕೂರುವಷ್ಟು ಜಾಗ ಇರುವುದು ಅವಳ ಮನೆಯಲ್ಲೇ. ನನಗೆ ವಯಸ್ಸಾಯಿತೆಂದು ಕಂಪನಿಯವರು ಸಾಲ ಕೊಡುವುದಿಲ್ಲ. ಆದ್ದರಿಂದ ನಾನು ಗುಂಪಿನವಳಲ್ಲ. ಹೊಸ್ತಿಲ ಹೊರಗೆ ಕೂರುತ್ತಿದ್ದೆ.

ಕಂತು ವಸೂಲಿಗೆ ಬರುವ ಕಂಪನಿಯ ಹುಡುಗನಿಗೆ ಕಂತಿನಪ್ಪ ಎಂದು ಹೆಸರಿಟ್ಟವನು ನನ್ನ ಮಗ. ಎದುರಿಗೆ ಎಲ್ಲರೂ ಸಾರ್ ಎನ್ನುತ್ತಿದ್ದರು. ಇಸ್ತ್ರಿ ಅಂಗಿ, ಕಂಕುಳಲ್ಲಿ ಹೆಲ್ಮೆಟ್. ನನ್ನ ಮಗನಿಗಿಂತ ಚಿಕ್ಕವನು. ಮೊದಲು ಎಲ್ಲರೂ ಎದ್ದು ನಿಂತು ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಹೇಳಬೇಕು. ನನ್ನ ಕಂತು ನಾನು ಕಟ್ಟುತ್ತೇನೆ. ಯಾರಾದರೂ ಕಟ್ಟದಿದ್ದರೆ ನಾವೆಲ್ಲ ಸೇರಿ ಕಟ್ಟುತ್ತೇವೆ, ಕಟ್ಟಿಸುತ್ತೇವೆ. ಶಾಲೆಯ ಮಕ್ಕಳ ಹಾಗೆ. ಕಟ್ಟದವಳು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಲೆಕ್ಕ ಸರಿಹೋಗುವವರೆಗೆ ಒಬ್ಬರೂ ಏಳುವಂತಿಲ್ಲ.

ಸೊಸೆ ಹೋಗಿ ಗೋಡೆಯ ಹತ್ತಿರ ನಿಂತಳು. ಅವನು ಹೇಳುವ ಮೊದಲೇ.

ಹೊತ್ತು ಹೋಯಿತು. ಒಳಗೆ ಸೆಖೆ. ಯಾವುದೋ ಮಗು ಅಳತೊಡಗಿತು. ಒಲೆ ಹಚ್ಚದೆ ಬಂದವರು, ನೀರು ಹಿಡಿಯದೆ ಬಂದವರು ಗೊಣಗತೊಡಗಿದರು.

"ಒಬ್ಬಳಿಂದ ಎಲ್ಲರ ಹೊಟ್ಟೆಗೂ ತಣ್ಣೀರು ಬಟ್ಟೆ," ಎಂದಳು ಬುಟ್ಟಿಯವಳು. ಪ್ಲಾಸ್ಟಿಕ್ ಪಟ್ಟಿಯ ಬುಟ್ಟಿ ಹೆಣೆಯುವವಳು. ಅವಳ ನಾಲಿಗೆ ಅವಳ ಪಟ್ಟಿಗಿಂತ ಉದ್ದ. "ಬೆನ್ನು ತೋರಿಸ್ಕೊಂಡು ನಿಂತ್ರೆ ಕಂತು ತೀರುತ್ತೇನೇ? ತೀರೋ ಹಾಗಿದ್ರೆ ನಾನೂ ನಿಲ್ತಿದ್ದೆ. ನನ್ನ ಬೆನ್ನು ನಿನ್ನದಕ್ಕಿಂತ ಅಗಲ."

ಒಂದಿಬ್ಬರು ನಕ್ಕರು. ಸೊಸೆಯ ಬೆನ್ನು ಅಲುಗಲಿಲ್ಲ. ರವಿಕೆ ಬೆವರಿಗೆ ಅಂಟಿಕೊಂಡಿತ್ತು. ಮೂಳೆಗಳು ಕಾಣುತ್ತಿದ್ದವು.

ಕಂತಿನಪ್ಪ ಕಾಗದ ಮಗುಚಿದ. "ಏನಮ್ಮಾ, ಹೋದ ಸಲ ಗುಂಪಿನವರು ತುಂಬಿದ್ರು. ಈ ಸಲ ಅವರ ಹತ್ರಾನೂ ಇಲ್ಲ. ನಿನ್ನ ಹೆಸರಲ್ಲಿ ಒಂದು ಹೊಲಿಗೆ ಮಷೀನು ಇದೆ. ಅದನ್ನ ಒಪ್ಪಿಸು."

"ಅದು ಹೋದ್ರೆ ನಾನು ಯಾವುದರಲ್ಲಿ ದುಡಿದು ಕಟ್ಟಲಿ ಸಾರ್?" ಸೊಸೆ ಗೋಡೆಗೇ ಕೇಳಿದಳು.

"ಅದು ನಿಮ್ಮ ನಿಮ್ಮ ವಿಚಾರ." ಅವನು ಸಾಲಿನ ಕಡೆ ತಿರುಗಿದ. "ನಾಳೆ ಗುಂಪಿನವರೇ ಹೋಗಿ ಎತ್ಕೊಂಡು ಬನ್ನಿ. ನಾನು ಮುಟ್ಟಲ್ಲ. ನೀವೇ ತರಬೇಕು, ನೀವೇ ಇಲ್ಲಿ ಇಡಬೇಕು."

ಅವರ ರೀತಿಯೇ ಹಾಗೆ. ತಮ್ಮ ಕೈ ಕೊಳೆ ಮಾಡಿಕೊಳ್ಳುವುದಿಲ್ಲ. ನಮ್ಮ ಕೈಗಳೇ ಇವೆಯಲ್ಲ.

ಆ ಮಷೀನನ್ನು ಗುಂಪಿನ ಹೆಂಗಸರು ಎತ್ತುತ್ತಿದ್ದುದು ಅದೇ ಮೊದಲಲ್ಲ. ಅದನ್ನು ಇಲ್ಲಿ ಹೇಳಲೇಬೇಕು. ಮೊದಲ ಸಾಲಕ್ಕೆ ಏನೂ ಕೇಳದ ಕಂಪನಿಗೆ ಎರಡನೆಯ ಸಲ ಒಂದು ಫೋಟೊ ಬೇಕಾಯಿತು, ಹೆಂಗಸು ತನ್ನ ಕಸುಬಿನ ಜೊತೆ ನಿಂತಿರುವ ಫೋಟೊ. ಪೊರಕೆಯಕ್ಕ ಪೊರಕೆಗಳ ರಾಶಿಯ ಮುಂದೆ ನಿಂತು ತೆಗೆಸಿದಳು. ಆ ಫೋಟೊ ವಾಪಸು ಬಂತು. ಇದು ಉದ್ಯಮದ ಹಾಗೆ ಕಾಣುವುದಿಲ್ಲ, ಕಸ ಗುಡಿಸುವವಳ ಹಾಗೆ ಕಾಣುತ್ತದೆ ಎಂದರಂತೆ. ಚಿಂದಿಯಿಂದ ಗೊಂಬೆ ಮಾಡುವವಳದೂ ವಾಪಸು ಬಂತು. ಮಕ್ಕಳಾಟ ಎಂದರಂತೆ. ಆಗ ಕಂತಿನಪ್ಪನೇ ದಾರಿ ಹೇಳಿಕೊಟ್ಟ. "ಹೊಲಿಗೆ ಮಷೀನಿದ್ರೆ ಮೇಲಿನವರು ಕಣ್ಣು ಮುಚ್ಕೊಂಡು ಪಾಸ್ ಮಾಡ್ತಾರೆ. ಇವರ ಮನೇಲಿ ಒಂದಿದೆಯಲ್ಲ."

ಅಂದು ಇಡೀ ಮಧ್ಯಾಹ್ನ ಮಷೀನು ಮೆರವಣಿಗೆ ಹೋಯಿತು. ಒಂದು ಮನೆಯಲ್ಲಿ ಅದರ ಮೇಲೆ ಕೆಂಪು ಬಟ್ಟೆ, ಇನ್ನೊಂದು ಮನೆಯಲ್ಲಿ ಹಸಿರು, ಮತ್ತೊಂದರಲ್ಲಿ ಹೂವಿನ ಚಿತ್ರದ್ದು. ಬುಟ್ಟಿಯವಳು ಅದರ ಪಕ್ಕ ನಿಂತು ತಲೆ ಬಾಚಿ ಹಲ್ಲು ಕಿರಿದಳು. ಅವಳಿಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ. ಒಂದು ವಿಷಯ ಮಾತ್ರ ಯಾರ ತಲೆಗೂ ಹೋಗಲಿಲ್ಲ. ಮಷೀನು ಎಲ್ಲಿ ಹೋದರೂ ಅದು ಅಲುಗಾಡಬಾರದು ಎಂದು ಇಟ್ಟಿಗೆಯನ್ನೂ ಹೊತ್ತುಕೊಂಡೇ ಹೋದೆವು. ಎಲ್ಲ ಫೋಟೊದಲ್ಲೂ ಮುರಿದ ಕಾಲಿನ ಕೆಳಗೆ ಅದೇ ಇಟ್ಟಿಗೆ. ಫೋಟೊ ತೆಗೆದ ಕಂತಿನಪ್ಪನೂ ನೋಡಲಿಲ್ಲ. ಮೇಲಿನವರೂ ನೋಡಲಿಲ್ಲ. ಎಲ್ಲರಿಗೂ ಸಾಲ ಬಂತು. ಹಾಗೆ ಕಂಪನಿಯ ಲೆಕ್ಕದಲ್ಲಿ ನಮ್ಮ ಓಣಿಯ ಮನೆ ಮನೆಗೂ ಒಂದು ಮಷೀನು. ಓಣಿಯಲ್ಲಿ ಇದ್ದದ್ದು ಒಂದು.

ಮರುದಿನ ಅವರು ಬಂದರು. ಯಾರೂ ಸೊಸೆಯ ಮುಖ ನೋಡಲಿಲ್ಲ. ಮಗ ಮಂಚದಿಂದಲೇ, "ಬನ್ನಿ ಬನ್ನಿ, ದಾರಿ ಗೊತ್ತಿದೆಯಲ್ಲ ನಿಮಗೆ," ಎಂದ. ಪೊರಕೆಯಕ್ಕ ಒಂದು ಕಡೆ, ಬುಟ್ಟಿಯವಳು ಒಂದು ಕಡೆ, ಗೊಂಬೆಯವಳು ಇನ್ನೊಂದು ಕಡೆ ಹಿಡಿದರು. ಎತ್ತಿದರು. ಅರ್ಧ ಹೊಲಿದ ಕಾಲೊರಸು ಸೂಜಿಯಲ್ಲೇ ನೇತಾಡುತ್ತಿತ್ತು. ಸೊಸೆ ದಾರ ಕಡಿದು ಅದನ್ನು ತೆಗೆದಿಟ್ಟಳು. ನಾನು ಇಟ್ಟಿಗೆ ಎತ್ತಿಕೊಂಡೆ. ಯಾಕೆ ಎತ್ತಿಕೊಂಡೆನೋ. ಅಭ್ಯಾಸ.

ಪೊರಕೆಯಕ್ಕನ ಮನೆಯಲ್ಲಿ ಕಂತಿನಪ್ಪ ಕಾದಿದ್ದ. ಓಣಿಯ ತುದಿಯಲ್ಲಿ ಲಗೇಜು ಗಾಡಿಯನ್ನೂ ನಿಲ್ಲಿಸಿದ್ದ. ಮಷೀನು ಇಳಿಸಿದರು. ಅವನು ಬರೆಯತೊಡಗಿದ.

"ಸಾರ್," ಎಂದಳು ಬುಟ್ಟಿಯವಳು, ಸೊಂಟ ಹಿಡಿದುಕೊಂಡು. "ಯಾರ ಮಷೀನು ಅಂತ ಬರೀತಿದ್ದೀರಿ?"

"ಇವಳದ್ದು. ಇನ್ಯಾರದ್ದು?"

"ಅಯ್ಯೋ, ಅದು ನಂದು ಸಾರ್."

ಅವನು ತಲೆ ಎತ್ತಿದ.

"ನನ್ನ ಫೋಟೊ ತೆಗೀರಿ, ನೋಡಿ. ಪಕ್ಕದಲ್ಲೇ ನಿಂತಿದ್ದೀನಿ. ನನ್ನ ಒಂದು ಕಂತೂ ತಪ್ಪಿಲ್ಲ. ನನ್ನ ಮಷೀನನ್ನ ಅವಳ ಸಾಲಕ್ಕೆ ಯಾಕೆ ಸಾರ್ ಎತ್ಕೊಂಡು ಹೋಗ್ತೀರಿ? ನ್ಯಾಯವಾ?"

ಸೊಸೆಯ ಮೇಲಿನ ಪ್ರೀತಿಗೆ ಅವಳು ಹೇಳಿದ್ದಲ್ಲ. ಭಾರ ಹೊತ್ತು ಅವಳ ಸೊಂಟ ಹಿಡಿದಿತ್ತು. ಸಿಟ್ಟು ಬಂದಿತ್ತು. ಬಾಯಿ ತಡೆಯಲಾಗಲಿಲ್ಲ. ಆದರೆ ಮಾತು ಹೊರಗೆ ಬಿದ್ದಿತು.

"ನಂದೂ ಅದೇ ಸಾರ್," ಎಂದಳು ಗೊಂಬೆಯವಳು, ನೆಲ ನೋಡುತ್ತ. ಅವಳು ಜೋರಾಗಿ ಮಾತಾಡಿದ್ದನ್ನು ನಾನು ಕಂಡದ್ದೇ ಇಲ್ಲ. "ನನ್ನದರಲ್ಲಿ ಹಸಿರು ಬಟ್ಟೆ ಹೊದಿಸಿತ್ತು. ಅಷ್ಟೇ."

"ಅಜ್ಜಿ ಕೈಯಲ್ಲಿ ಇಟ್ಟಿಗೇನೂ ಇದೆ, ನೋಡಿ. ಎಲ್ಲರ ಫೋಟೊದಲ್ಲೂ ಅದೂ ಇದೆ," ಎಂದು ಬುಟ್ಟಿಯವಳು ಸೇರಿಸಿದಳು. "ಇಟ್ಟಿಗೆ ಯಾರ ಹೆಸರಲ್ಲಿ ಬರೀತೀರಿ?"

ಹೆಂಗಸರು ನಕ್ಕರು. ಪೊರಕೆಯಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನನ್ನ ಕೈಯಲ್ಲಿ ಇಟ್ಟಿಗೆ ಅಲುಗುತ್ತಿತ್ತು. ನಾನೂ ನಗುತ್ತಿದ್ದೆ. ಒಂದು ಗಳಿಗೆ ಆ ಕೋಣೆ ನಮ್ಮದಾಗಿತ್ತು.

ಕಂತಿನಪ್ಪ ನಗು ಮುಗಿಯುವವರೆಗೆ ಕಾದ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದ.

"ಸರಿ. ಹಾಗಾದ್ರೆ ಎಲ್ಲರೂ ಸುಳ್ಳು ಫೋಟೊ ಕೊಟ್ಟು ಸಾಲ ತಗೊಂಡಿದ್ದೀರಿ. ನೀವೇ ಹೇಳಿದ್ರಿ. ನಾಳೆ ಮೇಲೆ ತಿಳಿಸ್ತೀನಿ. ಎಲ್ಲರೂ ಪೂರ್ತಿ ಸಾಲ ಒಂದೇ ಸಲಕ್ಕೆ ವಾಪಸು. ಇಲ್ಲ ಅಂದ್ರೆ ಪೊಲೀಸು."

"ನೀವೇ ಅಲ್ವಾ ಸಾರ್ ಹೇಳಿದ್ದು..." ಪೊರಕೆಯಕ್ಕ ಶುರು ಮಾಡಿದಳು.

"ನಾನಾ? ಎಲ್ಲಿ ಬರೆದಿದೆ?"

ಎಲ್ಲಿಯೂ ಬರೆದಿರಲಿಲ್ಲ. ಗೊಂಬೆಯವಳು ಗೋಡೆ ಹಿಡಿದು ಕೂತಳು. ಬುಟ್ಟಿಯವಳು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು, ಮೆಲ್ಲಗೆ, ಆಮೇಲೆ ಜೋರಾಗಿ.

ಅವರು ಹೆದರುವುದನ್ನು ಅವನು ಸ್ವಲ್ಪ ಹೊತ್ತು ನೋಡಿದ. ಮತ್ತೆ ಮೆತ್ತಗಾದ. "ನಾನು ಕೇಳಿಸ್ಕೊಂಡೇ ಇಲ್ಲ ಅಂತ ಇಟ್ಕೊಳ್ಳೋಣ. ಇವಳು ಮಷೀನು ಒಪ್ಪಿಸಲಿ. ಇದಕ್ಕೆ ಹೆಬ್ಬೆಟ್ಟು ಹಾಕಲಿ. ಮುಗೀತು." ಬರೆದಿದ್ದ ಕಾಗದವನ್ನು ಓದಿದ. ನಾನು ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ನನ್ನ ಮಷೀನನ್ನು ಕಂಪನಿಗೆ ಒಪ್ಪಿಸಿದ್ದೇನೆ.

ಶಾಯಿಯ ಡಬ್ಬಿ ಮುಚ್ಚಳ ತೆಗೆದು ಸೊಸೆಯ ಮುಂದೆ ಹಿಡಿದ.

ಸೊಸೆ ಶಾಲೆಗೆ ಹೋದವಳಲ್ಲ. ಕಂಡ ಕಡೆಯೆಲ್ಲ ಹೆಬ್ಬೆಟ್ಟು ಹಾಕಿಯೇ ಬಂದವಳು. ಸಾಲಕ್ಕೆ ಹಾಕಿದಳು, ಗಂಡನ ಆಪರೇಷನ್ನಿಗೆ ಹಾಕಿದಳು, ಅಂಗಡಿಯವನ ಚೀಟಿಗೆ ಹಾಕಿದಳು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡಳು.

"ಕೊಟ್ಟೆ ಅಂತ ಹಾಕಲ್ಲ," ಎಂದಳು.

"ಏನು?"

"ನಾನು ಕೊಟ್ಟಿಲ್ಲ. ನೀವು ಕಿತ್ಕೊಂಡ್ರಿ. ಕಿತ್ಕೊಂಡ್ರಿ ಅಂತ ಬರೀರಿ, ಹಾಕ್ತೀನಿ."

"ಹಾಗೆ ಬರೆಯೋಕೆ ಬರಲ್ಲಮ್ಮಾ."

"ಹಾಗಾದ್ರೆ ಹಾಕೋಕೂ ಬರಲ್ಲ."

ಅವನು ಬೈದ. ಪೊರಕೆಯಕ್ಕ ಬೇಡಿಕೊಂಡಳು. ಬುಟ್ಟಿಯವಳು ಸೊಸೆಯ ಮೊಣಕೈ ಹಿಡಿದು ಎಳೆದಳು. ಸೊಸೆಯ ಕೈ ಮುಂದೆ ಬರಲಿಲ್ಲ. ಕಾಗದ ಇಲ್ಲದೆ ಎತ್ತಿಕೊಂಡು ಹೋದರೆ ಅದು ಕಳವು. ಅದು ಅವನಿಗೂ ಗೊತ್ತಿತ್ತು. ಕೊನೆಗೆ ತನ್ನ ಬೈಕಿನ ಸರಪಳಿ ತಂದು ಮಷೀನಿನ ಚಕ್ರಕ್ಕೂ ಕಿಟಕಿಯ ಸರಳಿಗೂ ಸೇರಿಸಿ ಬೀಗ ಹಾಕಿದ.

"ಇವಳು ಹೆಬ್ಬೆಟ್ಟು ಹಾಕೋವರೆಗೂ ಈ ಗುಂಪಿಗೆ ಹೊಸ ಸಾಲ ಇಲ್ಲ. ಹಾಕಿಸೋದು ನಿಮ್ಮ ಕೆಲಸ. ಅವಳ ಮನೇಲಿ ಹೋಗಿ ಕೂತ್ಕೊಳ್ಳಿ."

ಅವರು ಬಂದು ಕೂತರು.

ಕೂರುವುದು ಎಂದರೆ ಏನೆಂದು ತಿಳಿಯದವರಿಗೆ ಹೇಳುತ್ತೇನೆ. ನಮ್ಮದು ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಒಂದು ಮೂಲೆಯಲ್ಲಿ ಮಂಚ, ನಡುವೆ ಚಿಂದಿಯ ಮೂಟೆಗಳು. ಗುಂಪಿನ ಹೆಂಗಸರು ಬೆಳಿಗ್ಗೆ ಬಂದು ಆ ನಡುವಿನಲ್ಲಿ ಕೂರುತ್ತಾರೆ. ಸಂಜೆಯವರೆಗೆ ಏಳುವುದಿಲ್ಲ. ಹೊಡೆಯುವುದಿಲ್ಲ, ಬೈಯುವುದೂ ಕಡಿಮೆ. ಕೂತಿರುತ್ತಾರೆ, ಅಷ್ಟೇ. ನೀವು ಉಣ್ಣುವುದನ್ನು ನೋಡುತ್ತಾರೆ. ಹೊರಗೆ ಹೋದರೆ ಒಬ್ಬಳು ಹಿಂದೆ ಬರುತ್ತಾಳೆ.

ಕೂತು ದಿನ ಕಳೆದರೆ ಅವರ ಕಂತು ಯಾರು ಕಟ್ಟುತ್ತಾರೆ? ಆದ್ದರಿಂದ ಕೆಲಸವನ್ನೂ ತಂದರು. ಪೊರಕೆಯಕ್ಕ ಕಡ್ಡಿಗಳ ಹೊರೆ ತಂದಳು. ಬುಟ್ಟಿಯವಳು ಪಟ್ಟಿಯ ಸುರುಳಿ ತಂದಳು. ಗೊಂಬೆಯವಳು ತಲೆಯಿಲ್ಲದ ಗೊಂಬೆಗಳನ್ನು ಚೀಲದ ತುಂಬ ತಂದಳು. ಮನೆ ಕಾರ್ಖಾನೆಯಾಯಿತು. ಕಾಲಿಡಲು ಜಾಗವಿಲ್ಲ. ಸೊಸೆ ಗೋಣಿ ಹೊಲಿಯುವ ದಬ್ಬಳ ಹಿಡಿದು ಕಾಲೊರಸನ್ನು ಕೈಯಲ್ಲೇ ಹೊಲಿಯತೊಡಗಿದಳು. ದಪ್ಪ ಜಡೆ. ದಬ್ಬಳ ಸುಲಭಕ್ಕೆ ಇಳಿಯುವುದಿಲ್ಲ. ಅಂಗೈಯಿಂದ ಒತ್ತಬೇಕು, ಹಲ್ಲಿನಿಂದ ಎಳೆಯಬೇಕು. ಬೆರಳ ತುದಿಗಳು ಒಡೆದವು. ರಕ್ತ ತಗುಲಿದ ಮಾಲನ್ನು ಅಂಗಡಿಯವನು ತೆಗೆದುಕೊಳ್ಳುವುದಿಲ್ಲವೆಂದು ಬೆರಳಿಗೆ ಚಿಂದಿ ಸುತ್ತಿಕೊಂಡಳು.

"ಕೊಡೇ ಇಲ್ಲಿ," ಎಂದಳು ಬುಟ್ಟಿಯವಳು, ತನ್ನ ಬುಟ್ಟಿ ಪಕ್ಕಕ್ಕಿಟ್ಟು. "ಹೆಂಗಸಿನ ಕೈಯಾ ಅದು? ಕೊಡು, ನಾಲ್ಕು ಸುತ್ತು ನಾನು ಹಾಕ್ತೀನಿ. ಹಾಗಂತ ಎದ್ದು ಹೋಗ್ತೀನಿ ಅಂದ್ಕೋಬೇಡ. ಹೆಬ್ಬೆಟ್ಟು ಹಾಕೋವರೆಗೂ ಇಲ್ಲೇ ಇರೋದು."

"ಇರಿ. ನಾನೆಲ್ಲಿ ಹೋಗಿ ಅಂದೆ?"

"ಹಠಮಾರಿ."

"ಸುತ್ತು ಬಿಗಿ ಹಾಕಿ ಅಕ್ಕ. ಸಡಿಲ ಆಯ್ತು."

ಗೊಂಬೆಯವಳು ಸುಮ್ಮನೆ ನನ್ನ ಪಕ್ಕ ಬಂದು ಬಟ್ಟೆ ಹರಿಯತೊಡಗಿದಳು. ನಮ್ಮ ಮನೆ ಮುರಿಯಲು ಬಂದವರು ನಮ್ಮ ಕೆಲಸ ಮಾಡುತ್ತಿದ್ದರು. ನಮ್ಮ ಕೆಲಸ ಮಾಡುತ್ತಲೇ ನಮ್ಮ ಮನೆ ಮುರಿಯುತ್ತಿದ್ದರು. ಅವರ ಮೇಲೆ ಸಿಟ್ಟು ಮಾಡಲೂ ಆಗದ ಹಾಗೆ ಆ ಕಂಪನಿ ನಮ್ಮನ್ನು ಕಟ್ಟಿ ಹಾಕಿತ್ತು.

ಆದರೆ ಮಗನಿಗೆ ಅದು ಆಟವಾಗಿರಲಿಲ್ಲ. ಅವನ ಕೆಳಗೆ ಬೇಸಿನ್ ಇಡಬೇಕು. ಒರೆಸಬೇಕು, ಬಟ್ಟೆ ಬದಲಿಸಬೇಕು. ಮೊದಲ ದಿನ ಅವನು ಸಂಜೆಯವರೆಗೆ ನೀರೇ ಕುಡಿಯಲಿಲ್ಲ. ಮರುದಿನ ತಡೆಯಲಾಗಲಿಲ್ಲ. ತನಗೆ ತಿಳಿಯದೆಯೇ ಆಗಿಹೋಯಿತು. ವಾಸನೆ ಬಂತು.

"ಸ್ವಲ್ಪ ಆ ಕಡೆ ತಿರುಗ್ತೀರಾ?" ಎಂದಳು ಸೊಸೆ.

ಹೆಂಗಸರೆಲ್ಲ ಗೋಡೆಗೆ ಮುಖ ಮಾಡಿ ಕೂತರು. ಸೊಸೆ ಅವನನ್ನು ಹೊರಳಿಸಿ ಒರೆಸಿದಳು. ನಾನು ನೀರು ಕೊಟ್ಟೆ. ಅವನು ಮೊಣಕೈಯಿಂದ ಕಣ್ಣು ಮುಚ್ಚಿಕೊಂಡಿದ್ದ.

ನನ್ನ ಹತ್ತಿರ ಒಂದು ಕಾಗದವಿತ್ತು. ಸೊಸೆ ಮೊದಲ ಸಲ ಗೋಡೆಗೆ ಮುಖ ಮಾಡಿ ನಿಂತ ದಿನ ಬರೆದದ್ದು. ಮುಪ್ಪಿನಲ್ಲಿ ಅಕ್ಷರ ಕಲಿತವಳು ನಾನು. ಸಂಜೆಯ ಮೇಲೆ ಹೆಂಗಸರಿಗೆಂದು ನಡೆಯುವ ಕ್ಲಾಸಿಗೆ ನನ್ನನ್ನು ತಳ್ಳಿದವಳೇ ಸೊಸೆ. ನೀವು ಹೋಗಿ ಅತ್ತೆ, ಮನೆ ನಾನು ನೋಡ್ಕೋತೀನಿ ಎಂದು. ಪಾಸ್‌ಪುಸ್ತಕದ ಹಿಂದೆ ಕಂಪನಿಯ ದೊಡ್ಡ ಕಚೇರಿಯ ವಿಳಾಸವಿತ್ತು, ದೂರು ಇದ್ದರೆ ಇಲ್ಲಿಗೆ ಬರೆಯಿರಿ ಎಂದು. ಬರೆದೆ. ಸೊಸೆಗೆ ಓದಿ ಹೇಳಿದೆ. "ಕಳಿಸಬೇಡಿ ಅತ್ತೆ. ಎಲ್ಲ ನನ್ನ ತಲೆ ಮೇಲೇ ಬರುತ್ತೆ," ಎಂದಳು. ಕಳಿಸಲಿಲ್ಲ. ಏನಾದರೂ ಆದಾಗಲೆಲ್ಲ ತೆಗೆದು ಇನ್ನೊಂದು ಸಾಲು ಸೇರಿಸುತ್ತಿದ್ದೆ. ಮತ್ತೆ ಮಡಿಸಿ ಇಡುತ್ತಿದ್ದೆ.

ಅವರು ಕೂತಿದ್ದ ಒಂದು ಮಧ್ಯಾಹ್ನ ಹಾಗೆ ಬರೆಯುತ್ತಿದ್ದೆ.

"ಏನದು ಅಜ್ಜಿ, ಪ್ರೇಮಪತ್ರವಾ?" ಎಂದಳು ಬುಟ್ಟಿಯವಳು.

"ಹೌದು. ಕಂಪನಿಯ ದೊಡ್ಡ ಸಾಹೇಬರಿಗೆ."

"ಓದು, ಓದು."

ಓದಿದೆ. ಮಾನ್ಯರೇ, ನಾನು ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ...

"ಕೇಳ್ಕೊಳ್ಳೋದ್ಯಾಕೆ? ಹೇಳು," ಎಂದಳು. "ಸಾಕಾಗುವಷ್ಟು ಕೇಳ್ಕೊಂಡಾಯ್ತು."

"ಫೋಟೊ ವಿಷಯ ಬರೆದಿದ್ದೀರಾ?" ಎಂದು ಗೊಂಬೆಯವಳು ಮೆಲ್ಲಗೆ ಕೇಳಿದಳು.

"ಬರೆದಿದ್ದೀನಿ. ಯಾರು ಹೇಳಿಕೊಟ್ರು ಅಂತಲೂ ಬರೆದಿದ್ದೀನಿ."

ಪೊರಕೆಯಕ್ಕ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡಿದಳು. "ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ. ಅದು ಹೋದ್ರೆ ನಾವೆಲ್ಲ ಕೈಯಾರೆ ಸುಳ್ಳು ಒಪ್ಪಿಕೊಂಡ ಹಾಗೆ. ನನಗೆ ಕಡ್ಡಿ ಕೊಳ್ಳೋಕೆ ಈ ಸಲದ ಸಾಲ ಬರಲೇಬೇಕು. ಹಳೇದನ್ನ ತೀರಿಸೋದೂ ಅದರಲ್ಲೇ. ನನ್ನ ಹೆಸರು ತೆಗೆದುಬಿಡಿ."

"ನಂದೂ," ಎಂದಳು ಬುಟ್ಟಿಯವಳು. ಸ್ವಲ್ಪ ತಡೆದು ಹೇಳಿದಳು, ಆದರೂ ಹೇಳಿದಳು.

ಅವರೆದುರೇ ಹೆಸರುಗಳ ಮೇಲೆ ಗೀಟು ಎಳೆದೆ. ಕಾಗದ ಮಡಿಸಿ ಇಟ್ಟೆ. ಯಾರೂ ಕೆಟ್ಟವರಲ್ಲ. ಎಲ್ಲರ ಕುತ್ತಿಗೆಗೂ ಒಂದೇ ಹಗ್ಗ. ಒಬ್ಬಳು ಜಗ್ಗಿದರೆ ಉಳಿದವರಿಗೆ ಉಸಿರು ಕಟ್ಟುತ್ತದೆ.

ಒಂದು ದಿನ ಸೊಸೆ ಮಾಲು ಕೊಡಲು ಅಂಗಡಿಗೆ ಹೋಗಿದ್ದಳು. ಗೊಂಬೆಯವಳು ಕಾವಲಿಗೆ ಹಿಂದೆ ಹೋಗಿದ್ದಳು. ಆಗ ಕಂತಿನಪ್ಪ ಬಂದ. ಹೆಂಗಸರನ್ನು ಕೂರಿಸಿದ ಮೇಲೆ ಅವನು ನಮ್ಮ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಹೆಂಗಸರನ್ನು ದಾಟಿಕೊಂಡು, ಮೂಗಿಗೆ ಕರವಸ್ತ್ರ ಹಿಡಿದು, ನೇರ ಮಂಚದ ಹತ್ತಿರ ಹೋದ.

"ಏನಪ್ಪಾ, ಸಾಲದ ಕಾಗದದಲ್ಲಿ ಗಂಡ ಅಂತ ನಿನ್ನ ಸಹಿಯೂ ಇದೆ. ನೀನು ಹಾಕಿದ್ರೂ ನಡೆಯುತ್ತೆ. ಹಾಕು, ಇವರೆಲ್ಲ ಈಗಲೇ ಎದ್ದು ಹೋಗ್ತಾರೆ."

"ಬೇಡ ಮಗ," ಎಂದೆ.

ಮಗ ನನ್ನನ್ನು ನೋಡಲಿಲ್ಲ. "ಸಹಿ ಸಾಕಾ?" ಎಂದ.

"ಹೆಬ್ಬೆಟ್ಟೂ ಇರಲಿ."

"ಅವಳು ಒಲ್ಲೆ ಅಂದಿದ್ದಾಳೆ ಕಣೋ," ಎಂದೆ. "ಅವಳ ಮಷೀನು ಅದು."

"ಅಮ್ಮ, ಅವಳ ಬೆರಳು ನೋಡಿದ್ದೀಯಾ?" ಎಂದ ಅವನು. ಆಮೇಲೆ ದನಿ ಇಳಿಸಿ, "ಇಷ್ಟು ಜನದ ಮುಂದೆ ನನ್ನನ್ನ ಇನ್ನೊಂದು ಸಲ ತೊಳೆಯೋದು ಬೇಡ. ನನ್ನ ಕೈಲಿ ಆಗಲ್ಲ," ಎಂದ.

ಸಹಿ ಮಾಡಿದ. ಹೆಬ್ಬೆಟ್ಟು ಒತ್ತಿದ. ಶಾಯಿ ಒರೆಸಿಕೊಳ್ಳಲು ಕೈಗೆ ಸಿಕ್ಕಿದ ಹಸಿರು ಚೂರನ್ನು ತೆಗೆದುಕೊಂಡ. ಕಂತಿನಪ್ಪ ಕಾಗದಕ್ಕೆ ಊದಿ, ಮಡಿಸಿ, ಜೇಬಿಗಿಟ್ಟ. ಹೆಂಗಸರು ಎದ್ದರು. ಪೊರಕೆಯಕ್ಕ ತಾನು ಕೂತ ಜಾಗದ ಕಸವನ್ನು ತಾನೇ ಗುಡಿಸಿ ಹೋದಳು. ಬುಟ್ಟಿಯವಳು ಪಟ್ಟಿಯ ಸುರುಳಿ ಎತ್ತಿಕೊಂಡು ಹೋದಳು.

ಸ್ವಲ್ಪ ಹೊತ್ತಿಗೆ ಓಣಿಯ ತುದಿಯಲ್ಲಿ ಲಗೇಜು ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿಸಿತು.

ಸೊಸೆ ಬಂದಾಗ ಕೋಣೆ ಖಾಲಿ ಇತ್ತು. ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ದಾರಿಯಲ್ಲೇ ಗಾಡಿ ಎದುರು ಬಂದಿತ್ತಂತೆ. ತನ್ನ ಮಷೀನು ಹಗ್ಗ ಕಟ್ಟಿಸಿಕೊಂಡು ಹೋಗುವುದನ್ನು ಬದಿಗೆ ಸರಿದು ನಿಂತು ನೋಡಿದಳಂತೆ. ಗೊಂಬೆಯವಳು ನನಗೆ ಆಮೇಲೆ ಹೇಳಿದಳು. ಸೊಸೆ ತಾನು ತಂದ ಹೊಸ ಮೂಟೆಯನ್ನು ಇಳಿಸಿ ಬಿಚ್ಚಿದಳು. ಕೂತು ಬಟ್ಟೆ ಹರಿಯತೊಡಗಿದಳು. ಒಂದರ ಮೇಲೊಂದು. ಗಂಡನ ಕಡೆ ನೋಡಲಿಲ್ಲ. ಮಗ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದ. ಬಟ್ಟೆ ಹರಿಯುವ ಸದ್ದೊಂದೇ.

ಮೂಟೆ ಅರ್ಧ ಖಾಲಿಯಾದ ಮೇಲೆ ಕೇಳಿದಳು, "ಅತ್ತೆ, ಆ ಕಾಗದ ಇದೆಯಾ?"

"ಇದೆ."

"ಕಳಿಸಿ."

"ನಿನ್ನ ಹೆಸರು ಇದೆ ಅದರಲ್ಲಿ."

"ಇರಲಿ. ಇನ್ನೇನು ಕಿತ್ಕೋತಾರೆ?" ಕೈಯಲ್ಲಿದ್ದ ಪಟ್ಟಿಯನ್ನು ಹರಿದು ಮುಗಿಸಿದಳು. "ನಾನು ಕೊಟ್ಟಿಲ್ಲ ಅಂತ ಸೇರಿಸಿ. ಮನೆ ತುಂಬ ಜನ ಕೂರಿಸಿ, ನಾನಿಲ್ಲದಾಗ ಕಿತ್ಕೊಂಡ್ರು ಅಂತ ಸೇರಿಸಿ."

ಇನ್ನೊಂದು ಚೂರು ಎತ್ತಿಕೊಂಡು ಅಂಚನ್ನು ಹಲ್ಲಿನಿಂದ ಕಚ್ಚಿದಳು.

"ನನ್ನ ಹೆಸರೂ ಬರಿ ಅಮ್ಮ," ಎಂದ ಮಗ ಗೋಡೆಯ ಕಡೆಯಿಂದ. "ಗಂಡ ಸಹಿ ಹಾಕಿದ ಅಂತ ಬರಿ. ಹೇಗೆ ಹಾಕಿಸ್ಕೊಂಡ್ರು ಅಂತಲೂ ಬರಿ. ನನ್ನನ್ನ ಒರೆಸ್ತಿದ್ದದ್ದು, ಇವರು ಗೋಡೆ ನೋಡ್ತಾ ಕೂತಿದ್ದದ್ದು, ಎಲ್ಲ ಬರಿ. ನಾಚಿಕೆ ಪಡಬೇಡ."

ಸೊಸೆ ಆಗ ಅವನ ಕಡೆ ತಿರುಗಿ ನೋಡಿದಳು. ಒಂದು ಮುಷ್ಟಿ ಪಟ್ಟಿ ಎತ್ತಿ ಅವನ ಎದೆಯ ಮೇಲೆ ಹಾಕಿದಳು. ಅವನು ಜಡೆ ಹೆಣೆಯತೊಡಗಿದ.

ಹಳೆಯ ಕಾಗದದಲ್ಲಿ ಗೀಟು, ತಿದ್ದುಪಡಿ ತುಂಬಿ ಹೋಗಿತ್ತು. ಬೇರೆ ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆದೆ. ಕೇಳಿಕೊಳ್ಳುವುದೇನೆಂದರೆ ಎಂದು ಬರೆಯಲಿಲ್ಲ.

ನಮ್ಮ ಓಣಿಯಲ್ಲಿ ಇದ್ದದ್ದು ಒಂದೇ ಮಷೀನು. ನಿಮ್ಮ ಫೋಟೊಗಳಲ್ಲಿ ಇರುವುದೆಲ್ಲ ಅದೇ. ಹಾಗೆ ತೆಗೆಸಲು ಹೇಳಿದವನು ನಿಮ್ಮ ಮನುಷ್ಯ. ಪೊರಕೆ ಕಟ್ಟುವುದೂ ಕಸುಬು, ಗೊಂಬೆ ಮಾಡುವುದೂ ಕಸುಬು, ಅದನ್ನು ನಂಬದವರು ನೀವು. ನನ್ನ ಸೊಸೆಯ ಮಷೀನನ್ನು ಅವಳು ಕೊಟ್ಟಿಲ್ಲ. ನೀವು ಕಿತ್ತುಕೊಂಡಿರಿ. ಕಿತ್ತುಕೊಳ್ಳಲು ನಮ್ಮ ಅಕ್ಕಪಕ್ಕದವರನ್ನೇ ನಮ್ಮ ಮನೆಯಲ್ಲಿ ಕೂರಿಸಿದಿರಿ. ಮಲಗಿದ ಮನುಷ್ಯನಿಂದ ಸಹಿ ತೆಗೆದುಕೊಂಡಿರಿ. ಮಷೀನನ್ನು ವಾಪಸು ಕೊಡಿ. ಕೊಡದಿದ್ದರೆ ಇದೇ ಕಾಗದವನ್ನು ಇನ್ನೊಬ್ಬರಿಗೆ ಬರೆಯುತ್ತೇನೆ. ಅವರೂ ಓದದಿದ್ದರೆ ಮತ್ತೊಬ್ಬರಿಗೆ.

ಕೆಳಗೆ ನನ್ನ ಹೆಸರು ಬರೆದೆ. ಮನೆಯ ವಿಳಾಸ ಪೂರ್ತಿ ಬರೆದೆ.

ಬರೆದು ಮುಗಿಸಲು ನನಗೆ ವಾರ ಹಿಡಿಯಿತು. ಮರುದಿನ ಬೆಳಿಗ್ಗೆ ಸೊಸೆಯೂ ನಾನೂ ಅಂಚೆ ಕಚೇರಿಗೆ ಹೊರಟೆವು. ಓಣಿಯ ತಿರುವಿನಲ್ಲಿ ಬುಟ್ಟಿಯವಳು ಬುಟ್ಟಿಗಳ ಸಾಲನ್ನು ಹೆಗಲಿಗೆ ನೇತುಹಾಕಿಕೊಂಡು ಬರುತ್ತಿದ್ದಳು. ನನ್ನ ಕೈಯಲ್ಲಿದ್ದುದನ್ನು ನೋಡಿದಳು.

"ನನ್ನ ಹೆಸರು ತೆಗೆದಿದ್ದೀಯಾ ಅಜ್ಜಿ?"

"ತೆಗೆದಿದ್ದೀನಿ."

"ಸರಿ." ಅವಳಿಗೆ ಹೊಸ ಸಾಲ ಬಂದಿತ್ತು. ಹೊಸ ಸಾಲದಲ್ಲಿ ಹಳೆಯದು ತೀರಿತ್ತು. ಕೈಯಲ್ಲಿ ಏನೂ ಉಳಿದಿರಲಿಲ್ಲ. ನಾವು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಹಿಂದಿನಿಂದ ಕೂಗಿದಳು, "ಯಾರಾದ್ರೂ ಬಂದು ನನ್ನನ್ನ ಕೇಳಿದ್ರೆ ಸುಳ್ಳು ಹೇಳಲ್ಲ. ಅಷ್ಟು ಮಾತ್ರ!"

"ಅಷ್ಟೇ ಸಾಕು," ಎಂದಳು ಸೊಸೆ. ತಿರುಗಿ ನೋಡಲಿಲ್ಲ.

ಅಂಚೆ ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂತವನು ಲಕೋಟೆ ತಿರುವಿ ನೋಡಿದ.

"ರಿಜಿಸ್ಟರ್ ಮಾಡಿದ್ರೆ ತಲುಪಿತು ಅಂತ ನಿಮಗೆ ಗೊತ್ತಾಗುತ್ತೆ. ಕಳಿಸಿದವರು ಯಾರು ಅಂತ ಅವರಿಗೂ ಗೊತ್ತಾಗುತ್ತೆ."

"ಗೊತ್ತಾಗಲಿ," ಎಂದಳು ಸೊಸೆ, ನಾನು ಬಾಯಿ ತೆರೆಯುವ ಮೊದಲೇ.

ಅವನು ಠಸ್ಸೆ ಒತ್ತಿದ. ಚೀಟಿ ಹರಿದು ಕೊಟ್ಟ. ಲಕೋಟೆಯನ್ನು ಹಿಂದೆ ನೇತಾಡುತ್ತಿದ್ದ ಗೋಣಿಚೀಲಕ್ಕೆ ಎಸೆದ. "ಆಯ್ತಮ್ಮಾ, ಹೋಗಿ," ಎಂದ.

ನಾವು ಹೋಗಲಿಲ್ಲ. ಮನೆಯಲ್ಲಿ ಮೂಟೆ ಬಿಚ್ಚಿಟ್ಟು ಬಂದಿದ್ದೆವು, ಮಗ ಒಬ್ಬನೇ ಇದ್ದ. ಹಿಂದಿನಿಂದ ಜನ ತಳ್ಳುತ್ತಿದ್ದರು. ಆದರೂ ಕಿಟಕಿಯ ಪಕ್ಕಕ್ಕೆ ಸರಿದು ಅಲ್ಲೇ ನಿಂತೆವು. ಒಬ್ಬ ಆಳು ಬಂದು ಚೀಲವನ್ನು ಕೊಕ್ಕೆಯಿಂದ ಇಳಿಸಿ, ಅದರ ಬಾಯಿಗೆ ಹುರಿ ಸುತ್ತಿ, ಬಿಗಿದು ಗಂಟು ಹಾಕಿ, ಹೆಗಲಿಗೆ ಎತ್ತಿಕೊಂಡು ಹೊರಗೆ ಹೋಗುವವರೆಗೂ ನಿಂತೇ ಇದ್ದೆವು.